ಒಂದೇ ಟ್ರಾನ್ಸ್‌ಕ್ರಿಪ್ಟ್, ಕಾಲೇಜಿಗೊಂದು ಲೆಕ್ಕ

"ಮಗಳ ಜಿಪಿಎ ಎಷ್ಟು?" ಅಂತ ಯಾರಾದರೂ ಕೇಳಿದರೆ ನಾನೀಗ "ಯಾರ ಲೆಕ್ಕದಲ್ಲಿ?" ಅಂತ ತಿರುಗಿ ಕೇಳುತ್ತೇನೆ. ಕೊಬ್ಬು ಅಂದುಕೊಳ್ಳಬೇಡಿ. ಜಿಪಿಎ ಅಂದರೆ ಗ್ರೇಡುಗಳ ಸರಾಸರಿ. ಅವಳ ಸ್ಕೂಲಿನ ಒಂದು ಲೆಕ್ಕದಲ್ಲಿ ಅದು 3.81. ಅದೇ ಸ್ಕೂಲಿನ ಇನ್ನೊಂದು ಲೆಕ್ಕದಲ್ಲಿ 4.10. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಲೆಕ್ಕದಲ್ಲಿ 3.7, 4.04, 4.12 ಮೂರೂ ಸರಿ. ಮಗಳು ಒಬ್ಬಳೇ, ಗ್ರೇಡುಗಳೂ ಅವೇ.

2024ರ ಆಗಸ್ಟ್‌ನಲ್ಲಿ ಮಗಳ ಕಾಲೇಜು ಅಡ್ಮಿಶನ್ ಕೆಲಸ ಶುರುವಾಗಿ ಮುಂದಿನ ವರ್ಷದ ಜುಲೈವರೆಗೆ ನಮ್ಮ ಮನೆಯಲ್ಲಿ ಇದೇ ಮಾತು. ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಮಗಳು ಓದಿದ್ದು ಮನೆ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ. ನಾನೂ ನಮ್ಮನೆಯವರೂ ಪಿಯುಸಿ ಮಾರ್ಕ್ಸ್ ಮತ್ತು ಸಿಇಟಿ ನಂಬಿಕೊಂಡು ಇಂಜಿನಿಯರಿಂಗ್ ಸೇರಿದವರು. ನಮಗೆ ಗೊತ್ತಿದ್ದ ಅಡ್ಮಿಶನ್ ಅಂದರೆ ಕೂಡಿಸು, ರ‍್ಯಾಂಕ್ ತೆಗೆ, ಸೀಟು ಆರಿಸು. ಇಲ್ಲಿ ಆ ಥರದ ಒಂದೇ ಪಟ್ಟಿ ಇಲ್ಲ.

ಮೊದಲು ಗ್ರೇಡುಗಳ ಕಥೆ ಹೇಳಿಬಿಡುತ್ತೇನೆ. ಹೈಸ್ಕೂಲ್ ಅಂದರೆ 9ರಿಂದ 12ರವರೆಗೆ ನಾಲ್ಕು ವರ್ಷ. ಬೋರ್ಡ್ ಪರೀಕ್ಷೆ ಇಲ್ಲ. ಸೆಮಿಸ್ಟರ್ ಮುಗಿದಾಗ ಪಾಠ ಮಾಡಿದ ಟೀಚರೇ ಗ್ರೇಡ್ ಕೊಡುತ್ತಾರೆ. ಹೋಂವರ್ಕ್, ಲ್ಯಾಬ್, ಕ್ವಿಜ್, ಟೆಸ್ಟ್ ಎಲ್ಲ ಸೇರಿ ಸಾಮಾನ್ಯವಾಗಿ 90ರ ಮೇಲೆ ಬಂದರೆ ‘ಎ’, 80ರ ಮೇಲೆ ‘ಬಿ’. ‘ಎ’ ಬಂದರೆ 4 ಪಾಯಿಂಟ್, ‘ಬಿ’ಗೆ 3, ‘ಸಿ’ಗೆ 2. ಇವುಗಳ ಸರಾಸರಿಯೇ ಜಿಪಿಎ. ಇದು ‘ಅನ್‌ವೇಟೆಡ್’, ಅಂದರೆ ಪಾಠ ಸುಲಭವೋ ಕಷ್ಟವೋ ನೋಡದೆ ಹಾಕಿದ ಲೆಕ್ಕ. ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಅಂದರೆ ಎಪಿ ಅಂತ ಕಾಲೇಜು ಮಟ್ಟದ ಪಾಠಗಳಿವೆ. ಅದರಲ್ಲಿ ‘ಎ’ ಬಂದರೆ 4ರ ಬದಲು 5. ಹೀಗೆ ಒಂದು ಪಾಯಿಂಟ್ ಜಾಸ್ತಿ ಕೊಟ್ಟು ಹಾಕಿದ್ದು ‘ವೇಟೆಡ್’. ಅದಕ್ಕೇ 4ಕ್ಕೆ 4.10 ಬರುವ ಚಮತ್ಕಾರ.

ಗ್ರೇಡ್ ಕೊಡುವುದು ಟೀಚರ್ ಕೈಯಲ್ಲಿದೆ ಅಂದೆನಲ್ಲ, ಅದರ ಬಿಸಿ 11ನೇ ಕ್ಲಾಸಿನಲ್ಲಿ ತಟ್ಟಿತು. ಎಪಿ ಬಯಾಲಜಿಯನ್ನು ಆ ಸ್ಕೂಲಿನಲ್ಲಿ ಇಬ್ಬರು ಟೀಚರ್‌ಗಳು ಮಾಡುತ್ತಿದ್ದರು. ಒಬ್ಬರು ಟೆಸ್ಟ್ ಕೆಟ್ಟರೆ ಇನ್ನೊಮ್ಮೆ ಬರೆಯಲು ಬಿಡುತ್ತಿದ್ದರು, 89.5 ಬಂದರೆ 90 ಮಾಡುತ್ತಿದ್ದರು. ಇನ್ನೊಬ್ಬರ ಹತ್ತಿರ ಎರಡೂ ಇಲ್ಲ. ಮಗಳು ಬಿದ್ದದ್ದು ಇವರ ಕ್ಲಾಸಿಗೆ. ವರ್ಷವಿಡೀ 88, 89ರಲ್ಲಿ ಓಡಾಡಿ ಎರಡೂ ಸೆಮಿಸ್ಟರ್ ‘ಬಿ’ ಬಂತು. ಪಕ್ಕದ ರೂಮಿನಲ್ಲಿದ್ದ ಗೆಳತಿಗೆ ‘ಎ’. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಅಂದರೆ ಓದಿದ ಪಾಠ ಮತ್ತು ಗ್ರೇಡುಗಳ ಸ್ಕೂಲಿನ ಪಟ್ಟಿಯಲ್ಲಿ, ಇಬ್ಬರದ್ದೂ ಒಂದೇ ಪಾಠ, ಒಂದೇ ಹೆಸರು. ಯಾವ ರೂಮು ಅಂತ ಅಲ್ಲಿ ಬರೆದಿರುವುದಿಲ್ಲ. ಆದರೂ ಒಂದು ಮಾತು ಹೇಳಲೇಬೇಕು: ಅವಳು ಬಯಾಲಜಿ ಕಲಿತದ್ದು ಆ ಕಟ್ಟುನಿಟ್ಟಿನ ಟೀಚರ್ ಹತ್ತಿರ.

ಯುಸಿಯ ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತದೆ, ಕಳಿಸುವುದು ಅಕ್ಟೋಬರ್ 1ರ ನಂತರ. ಪದವಿ ಓದಲು ಒಂಬತ್ತು ಕ್ಯಾಂಪಸ್ ಇವೆ, ಎಲ್ಲಕ್ಕೂ ಅರ್ಜಿ ಒಂದೇ. ಬೇಕಾದ ಕ್ಯಾಂಪಸ್‌ಗೆ ಟಿಕ್ ಹಾಕುತ್ತಾ ಹೋಗಬೇಕು, ಒಂದೊಂದು ಟಿಕ್‌ಗೂ 80 ಡಾಲರ್. ಟಿಕ್ ಹಾಕುವುದು ಸುಲಭ ಅಲ್ವಾ, ಕಾರ್ಡ್ ನಂಬರ್ ಕೇಳಿದಾಗ ಗೊತ್ತಾಗುತ್ತದೆ.

ಸ್ಕೂಲಿನಿಂದ ಟ್ರಾನ್ಸ್‌ಕ್ರಿಪ್ಟ್ ಹೋಗುತ್ತದೆ, ಅವರೇ ನೋಡಿಕೊಳ್ಳುತ್ತಾರೆ ಅಂತ ಕೂರುವ ಹಾಗಿಲ್ಲ. ಅರ್ಜಿ ಹಾಕುವಾಗ ಯುಸಿ ಟ್ರಾನ್ಸ್‌ಕ್ರಿಪ್ಟ್ ಕೇಳುವುದೇ ಇಲ್ಲ. 9ನೇ ಕ್ಲಾಸಿನಿಂದ ಓದಿದ ಪ್ರತಿ ಪಾಠ, ಪ್ರತಿ ಸೆಮಿಸ್ಟರಿನ ಗ್ರೇಡು, ಎಲ್ಲವನ್ನೂ ಮಕ್ಕಳೇ ತುಂಬಬೇಕು. ಸೀಟು ಸಿಕ್ಕಮೇಲೆ ಸ್ಕೂಲು ಕಳಿಸುವ ಟ್ರಾನ್ಸ್‌ಕ್ರಿಪ್ಟ್ ಜೊತೆ ತಾಳೆ ನೋಡುತ್ತಾರೆ. ತಪ್ಪು ತುಂಬಿದ್ದು ಸಿಕ್ಕರೆ ಕೊಟ್ಟ ಸೀಟನ್ನು ವಾಪಸ್ ತೆಗೆದುಕೊಳ್ಳುವ ಅಧಿಕಾರ ಅವರಿಗಿದೆ.

ಹಾಗಾಗಿ ಒಂದು ಭಾನುವಾರ ನಾನು ಟ್ರಾನ್ಸ್‌ಕ್ರಿಪ್ಟ್ ಹಿಡಿದುಕೊಂಡು ಓದುತ್ತಾ ಹೋದೆ, ಅವಳು ಲ್ಯಾಪ್‌ಟಾಪ್‌ನಲ್ಲಿ ತುಂಬುತ್ತಾ ಹೋದಳು. ಹಾಳೆಯ ಎಡಕ್ಕೆ ಮೊಟಕು ಮಾಡಿದ ಪಾಠದ ಹೆಸರುಗಳು, ಬಲಕ್ಕೆ ಎರಡು ಸೆಮಿಸ್ಟರಿನ ಎರಡು ಅಕ್ಷರ, ಪಕ್ಕದಲ್ಲಿ 5.00 ಅಂತ ಕ್ರೆಡಿಟ್.

"ಆಲ್ಜಿಬ್ರಾ ಟೂ. ಎ ಮೈನಸ್, ಬಿ ಪ್ಲಸ್."

"ಅಮ್ಮಾ, ಪ್ಲಸ್ಸು ಮೈನಸ್ಸು ಹೇಳ್ಬೇಡ. ಇಲ್ಲಿ ಬರೀ ಎ, ಬರೀ ಬಿ."

ಅವಳು ಹೇಳಿದ್ದು ನಿಜ. ಯುಸಿಗೆ ‘ಎ ಮೈನಸ್’ ಕೂಡ ‘ಎ’ ತಾನೇ. ‘ಬಿ ಪ್ಲಸ್’ ಬರೀ ‘ಬಿ’. ನೂರಕ್ಕೆ 90 ತಂದವಳೂ 99 ತಂದವಳೂ ಅಲ್ಲಿ ಸಮ. 89ಕ್ಕೂ 80ಕ್ಕೂ ವ್ಯತ್ಯಾಸವಿಲ್ಲ. 89ಕ್ಕೂ 90ಕ್ಕೂ ಮಾತ್ರ ಇಡೀ ಒಂದು ಪಾಯಿಂಟ್. ಕೆಲವು ಖಾಸಗಿ ಕಾಲೇಜುಗಳಲ್ಲಿ ‘ಎ ಮೈನಸ್’ ಅಂದರೆ 3.7. ಅಲ್ಲಿಗೆ ಅರ್ಜಿ ಹಾಕಿದ ಕ್ಷಣವೇ ಇವಳ ಜಿಪಿಎ ಸ್ವಲ್ಪ ಇಳಿಯಿತು ಅಂತಲೇ ಲೆಕ್ಕ.

ತುಂಬಿ ಮುಗಿದ ಮೇಲೆ ಒಂದು ಹಾಳೆ ತೆಗೆದುಕೊಂಡು ಯುಸಿ ಹೇಗೆ ಎಣಿಸುತ್ತದೋ ಹಾಗೇ ಎಣಿಸಿದೆವು. ಮೊದಲ ನಿಯಮ: 10 ಮತ್ತು 11ನೇ ಕ್ಲಾಸಿನ ಗ್ರೇಡು ಮಾತ್ರ. 9ನೇ ಕ್ಲಾಸಿನ ಗ್ರೇಡುಗಳನ್ನು ಅವರು ನೋಡುತ್ತಾರೆ, ಜಿಪಿಎಗೆ ಸೇರಿಸುವುದಿಲ್ಲ. ಪಾಸಾಗಿದ್ದಾಳಾ, ಓದಬೇಕಾದ್ದು ಓದಿದ್ದಾಳಾ ಅಂತ ನೋಡಲು ಮಾತ್ರ. ಎರಡನೇ ನಿಯಮ: ‘ಎ ಟು ಜಿ’ ಅಂತ ಅವರು ಪಟ್ಟಿ ಮಾಡಿರುವ ಪಾಠಗಳು ಮಾತ್ರ. ಇತಿಹಾಸ ಎರಡು ವರ್ಷ, ಇಂಗ್ಲಿಷ್ ನಾಲ್ಕು, ಗಣಿತ ಮೂರು, ವಿಜ್ಞಾನ ಎರಡು, ಇನ್ನೊಂದು ಭಾಷೆ ಎರಡು, ಕಲೆ ಒಂದು, ಐಚ್ಛಿಕ ಒಂದು. ಒಟ್ಟು ಹದಿನೈದು. ಇದಕ್ಕಿಂತ ಜಾಸ್ತಿ ಓದಿದ್ದರೂ ಆ ಪಟ್ಟಿಯ ಪಾಠವಾದರೆ ಲೆಕ್ಕಕ್ಕಿದೆ. ಪಿಇ, ಅಂದರೆ ದೈಹಿಕ ಶಿಕ್ಷಣ, ಹೋಯಿತು. ಸ್ಕೂಲಿನ ವಾರ್ಷಿಕ ಸಂಚಿಕೆ ತಯಾರಿಸುವ ಇಯರ್‌ಬುಕ್ ಪಾಠ ಹೋಯಿತು. ಇವೆರಡರಲ್ಲಿ ಬಂದಿದ್ದ ‘ಎ’ಗಳು ಸ್ಕೂಲಿನ ಜಿಪಿಎಯನ್ನು ಎತ್ತಿ ಹಿಡಿದಿದ್ದವು.

ಉಳಿದದ್ದು 24 ಸೆಮಿಸ್ಟರ್ ಗ್ರೇಡು. ಹದಿನೇಳು ‘ಎ’, ಏಳು ‘ಬಿ’. 68 ಮತ್ತು 21, ಒಟ್ಟು 89. ಅದನ್ನು 24ರಿಂದ ಭಾಗಿಸಿದರೆ 3.7. ಸ್ಕೂಲಿನ 3.81 ಇಲ್ಲಿಗೆ ಬರುವಷ್ಟರಲ್ಲಿ 3.7 ಆಗಿತ್ತು.

ಇನ್ನು ಎಪಿಯ ಹೆಚ್ಚುವರಿ ಪಾಯಿಂಟ್. 10ನೇ ಕ್ಲಾಸಿನಲ್ಲಿ ಒಂದು ಎಪಿ, 11ರಲ್ಲಿ ನಾಲ್ಕು. ಸೆಮಿಸ್ಟರ್ ಲೆಕ್ಕದಲ್ಲಿ ಹತ್ತು. ಆದರೆ ಯುಸಿ ಎಂಟು ಸೆಮಿಸ್ಟರಿಗಿಂತ ಜಾಸ್ತಿ ಪಾಯಿಂಟ್ ಕೊಡುವುದಿಲ್ಲ, ಅದರಲ್ಲೂ 10ನೇ ಕ್ಲಾಸಿನವು ನಾಲ್ಕು ಮೀರುವ ಹಾಗಿಲ್ಲ. 89ಕ್ಕೆ 8 ಸೇರಿಸಿದರೆ 97, ಅಂದರೆ 4.04. ಮಿತಿ ಇಲ್ಲದೆ ಹತ್ತೂ ಸೇರಿಸಿದರೆ 99, ಕೊನೆಯ ಅಂಕಿ ಬಿಟ್ಟರೆ 4.12. ಅರ್ಜಿ ಓದುವವರ ಮುಂದೆ ಮೂರೂ ಸಂಖ್ಯೆ ಇರುತ್ತವೆ. ಈ ಎಂಟರ ಮಿತಿ ನನಗೆ ಹಿಡಿಸಿತು. ಇಪ್ಪತ್ತು ಎಪಿ ಇರುವ ಸ್ಕೂಲಿನ ಮಗುವಿಗೂ ನಾಲ್ಕೇ ಎಪಿ ಇರುವ ಹಳ್ಳಿ ಕಡೆಯ ಸ್ಕೂಲಿನ ಮಗುವಿಗೂ ಮಧ್ಯೆ ಸ್ವಲ್ಪವಾದರೂ ಅಂತರ ಕಡಿಮೆಯಾಗುತ್ತದೆ.

ಈ ಲೆಕ್ಕದ ನಡುವೆ ಒಂದು ತಕರಾರು ಎದ್ದಿತು. 10ನೇ ಕ್ಲಾಸಿನಲ್ಲಿ ಅವಳು ಓದಿದ್ದು ಬರೀ ಕೆಮಿಸ್ಟ್ರಿ ಅಲ್ಲ, ‘ಕೆಮಿಸ್ಟ್ರಿ ಆನರ್ಸ್’, ಅಂದರೆ ಅದಕ್ಕಿಂತ ಕಷ್ಟದ ಪಾಠ. ಸ್ಕೂಲು ಅದಕ್ಕೂ ಒಂದು ಪಾಯಿಂಟ್ ಜಾಸ್ತಿ ಕೊಟ್ಟಿತ್ತು. ಯುಸಿಯ ಪಟ್ಟಿಯಲ್ಲಿ ನಮ್ಮ ಸ್ಕೂಲಿನ ಹೆಸರು ಹಾಕಿ ಹುಡುಕಿದೆವು. ಕೆಮಿಸ್ಟ್ರಿ ಆನರ್ಸ್ ಇದೆ, ಆದರೆ ಅದರ ಮುಂದೆ ಆನರ್ಸ್ ಗುರುತು ಇಲ್ಲ. ಹೆಸರಿನಲ್ಲಿ ಆನರ್ಸ್ ಇದ್ದರೆ ಸಾಲದು, ಯುಸಿ ಒಪ್ಪಿರಬೇಕು. ರಾತ್ರಿ ಕೂತು ಬರೆದ ಲ್ಯಾಬ್ ರಿಪೋರ್ಟುಗಳ ನೆನಪಾಗಿ ಮಗಳು ಉರಿದುಬಿದ್ದಳು. ಈ ಪಟ್ಟಿ ಯಾರು ಬೇಕಾದರೂ ನೋಡಬಹುದು. 9ನೇ ಕ್ಲಾಸಿಗೆ ಮಕ್ಕಳನ್ನು ಸೇರಿಸುವ ಅಪ್ಪ ಅಮ್ಮಂದಿರಿಗೆ ನಾನು ಮೊದಲು ಹೇಳುವುದೇ ಇದನ್ನು.

ಸ್ಯಾನ್ ಲೂಯಿ ಒಬಿಸ್ಪೋದ ಕ್ಯಾಲ್ ಪಾಲಿಗೂ ಅರ್ಜಿ ಹಾಕಿದಳು. ಅದು ಯುಸಿ ಅಲ್ಲ, ಕ್ಯಾಲ್ ಸ್ಟೇಟ್ ಯೂನಿವರ್ಸಿಟಿಯ ಗುಂಪಿಗೆ ಸೇರಿದ್ದು. ಕ್ಯಾಲ್ ಪಾಲಿಯವರು 9ನೇ ಕ್ಲಾಸನ್ನೂ ಎಣಿಸುತ್ತಾರೆ. ಅವಳಿಗೆ 9ರಲ್ಲಿ ಬಹುತೇಕ ‘ಎ’ಗಳೇ, ಹಾಗಾಗಿ ಅಲ್ಲಿ ಲಾಭ. 9ರಲ್ಲಿ ಎಡವಿ ಆಮೇಲೆ ಚೇತರಿಸಿಕೊಂಡ ಮಗುವಿಗೆ ಯುಸಿ ವಾಸಿ.

ಖಾಸಗಿ ಕಾಲೇಜುಗಳ ಕಥೆ ಬೇರೆ. ಅಲ್ಲಿಗೆ ‘ಕಾಮನ್ ಆ್ಯಪ್’ ಅನ್ನುವ ಅರ್ಜಿ. ಇಲ್ಲಿ ಸ್ಕೂಲಿನಿಂದ ಟ್ರಾನ್ಸ್‌ಕ್ರಿಪ್ಟ್ ನೇರ ಹೋಗುತ್ತದೆ, ಟೀಚರ್‌ಗಳ ಶಿಫಾರಸು ಪತ್ರ ಹೋಗುತ್ತದೆ, ಕೌನ್ಸೆಲರ್ ತುಂಬುವ ‘ಸ್ಕೂಲ್ ರಿಪೋರ್ಟ್’ ಹೋಗುತ್ತದೆ. ಈ ರಿಪೋರ್ಟಿನಲ್ಲಿ ಒಂದು ಪ್ರಶ್ನೆ ಇದೆ. ನಿಮ್ಮ ಸ್ಕೂಲಿನಲ್ಲಿ ಕಾಲೇಜಿಗೆ ತಯಾರಾಗುವ ಬೇರೆ ಮಕ್ಕಳಿಗೆ ಹೋಲಿಸಿದರೆ ಈ ಮಗು ಆರಿಸಿಕೊಂಡ ಪಾಠಗಳು ಎಷ್ಟು ಕಷ್ಟದವು? ಉತ್ತರಕ್ಕೆ ಐದು ಆಯ್ಕೆ. ‘ಅತಿ ಕಷ್ಟದ್ದು’ ಅನ್ನುವಲ್ಲಿಂದ ಶುರುವಾಗಿ ‘ಸರಾಸರಿಗಿಂತ ಕಡಿಮೆ’ವರೆಗೆ. ಒಂದೇ ಒಂದು ಟಿಕ್.

ಕೌನ್ಸೆಲರ್ ಒಳ್ಳೆಯವರು. ಆದರೆ ಅವರ ಕೈಯಲ್ಲಿ ನೂರಾರು ಮಕ್ಕಳು. ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳು ಮೀರಬಾರದು ಅಂತ ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘ ಹೇಳುತ್ತದೆ. ಸರ್ಕಾರಿ ಸ್ಕೂಲಿನಲ್ಲಿ ಆ ಭಾಗ್ಯ ಎಲ್ಲಿ! ನಾವು ಹೋದಾಗ ಬಾಗಿಲ ಹೊರಗೆ ಮಕ್ಕಳ ಸಾಲು ಇತ್ತು. ರಿಪೋರ್ಟಿನಲ್ಲಿ ಏನು ಬರೆಯುತ್ತೇನೆ ಅಂತ ಅವರು ತೋರಿಸಲಿಲ್ಲ, ತೋರಿಸುವ ಪದ್ಧತಿಯೂ ಇಲ್ಲ. ಹೇಗೆ ನಿರ್ಧರಿಸುತ್ತೇನೆ ಅಂತ ಮಾತ್ರ ಬಿಚ್ಚಿ ಹೇಳಿದರು.

"ಈ ಸ್ಕೂಲಲ್ಲಿ ಹತ್ತಕ್ಕಿಂತ ಜಾಸ್ತಿ ಎಪಿ ಓದೋ ಮಕ್ಕಳಿದ್ದಾರೆ. ಮೇಲಿನ ಟಿಕ್ ಅವರಿಗೆ. ನಿಮ್ಮ ಮಗಳದ್ದು 12ನೇ ಕ್ಲಾಸ್ ಸೇರಿ ಏಳು. ಇದೇ ಏಳು ಬೇರೆ ಸ್ಕೂಲಲ್ಲಿ ಓದಿದ್ದರೆ ಮೇಲಿನ ಟಿಕ್ಕೇ ಬೀಳುತ್ತಿತ್ತೋ ಏನೋ."

ಆಮೇಲೆ ಎರಡು ಪುಟದ ‘ಸ್ಕೂಲ್ ಪ್ರೊಫೈಲ್’ ತೋರಿಸಿದರು. ಪ್ರತಿ ಟ್ರಾನ್ಸ್‌ಕ್ರಿಪ್ಟ್ ಜೊತೆಗೂ ಇದು ಹೋಗುತ್ತದಂತೆ. ಸ್ಕೂಲಿನಲ್ಲಿ ಎಷ್ಟು ಮಕ್ಕಳು, ಯಾವ ಯಾವ ಎಪಿ ಇವೆ, ಗ್ರೇಡ್ ಹೇಗೆ ಕೊಡುತ್ತಾರೆ, ಎಷ್ಟು ಮಕ್ಕಳ ಜಿಪಿಎ ಎಲ್ಲಿಂದ ಎಲ್ಲಿಗೆ ಇದೆ, ಮಧ್ಯಾಹ್ನದ ಊಟ ರಿಯಾಯಿತಿಯಲ್ಲಿ ಪಡೆಯುವ ಮಕ್ಕಳೆಷ್ಟು, ಎಲ್ಲ ಅದರಲ್ಲಿದೆ. ಇಡೀ ಅಡ್ಮಿಶನ್ ವಿಷಯದಲ್ಲಿ ನನಗೆ ಅತಿ ಮುಖ್ಯ ಅನಿಸಿದ ಕಾಗದ ಇದೇ. ನಾಲ್ಕು ವರ್ಷ ಮಗಳ ಗ್ರೇಡುಗಳನ್ನು ನಾವು ತಪ್ಪದೆ ನೋಡುತ್ತಾ ಬಂದಿದ್ದೆವು. ಆ ಗ್ರೇಡುಗಳನ್ನು ಹೇಗೆ ಓದಬೇಕು ಅಂತ ಹೇಳುವ ಕಾಗದ ಸ್ಕೂಲಿನ ಜಾಲತಾಣದಲ್ಲೇ ಎಲ್ಲರಿಗೂ ಸಿಗುವ ಹಾಗೆ ಬಿದ್ದಿತ್ತು.

ಅಂದರೆ ಕಾಲೇಜಿನವರು ತೂಗುವುದು ಬರೀ ಗ್ರೇಡನ್ನಲ್ಲ. ನಿನ್ನ ಸ್ಕೂಲಿನಲ್ಲಿ ಏನಿತ್ತು, ಅದರಲ್ಲಿ ನೀನು ಏನು ಆರಿಸಿಕೊಂಡೆ, ಅದರಲ್ಲಿ ಏನು ಬಂತು. ಈ ಮೂರೂ ಸೇರಿದ ಮೇಲೇ ‘ಬಿ’ ಅನ್ನುವ ಅಕ್ಷರಕ್ಕೆ ಬೆಲೆ. ಎಪಿ ಬಯಾಲಜಿಯಲ್ಲಿ ‘ಬಿ’ ಒಳ್ಳೆಯದಾ, ಸಾಧಾರಣ ಬಯಾಲಜಿಯಲ್ಲಿ ‘ಎ’ ಒಳ್ಳೆಯದಾ ಅಂತ ಪಾರ್ಟಿಗಳಲ್ಲಿ ಎಲ್ಲರೂ ಕೇಳುತ್ತಾರೆ. "ಎಪಿಯಲ್ಲಿ ‘ಎ’ ಒಳ್ಳೆಯದು" ಅಂತ ಕಾಲೇಜಿನವರು ನಗುತ್ತಾ ಹೇಳುತ್ತಾರೆ. ಆ ನಗು ನನಗಂತೂ ಸ್ವಲ್ಪವೂ ಹಿಡಿಸುವುದಿಲ್ಲ.

ಯಾವ ಕಾಲೇಜು ಯಾವುದಕ್ಕೆ ಎಷ್ಟು ಬೆಲೆ ಕೊಡುತ್ತದೆ ಅಂತ ತಿಳಿಯಲು ಒಂದು ದಾರಿ ಇದೆ. ‘ಕಾಮನ್ ಡೇಟಾ ಸೆಟ್’ ಅಂತ ಬಹಳಷ್ಟು ಕಾಲೇಜುಗಳು ವರ್ಷವರ್ಷ ಒಂದು ಕಡತ ಬಿಡುಗಡೆ ಮಾಡುತ್ತವೆ. ಅದರಲ್ಲಿ ಸಿ7 ಅನ್ನುವ ಕೋಷ್ಟಕ ನೋಡಬೇಕು. ಪಾಠಗಳ ಕಷ್ಟ, ಜಿಪಿಎ, ಕ್ಲಾಸ್ ರ‍್ಯಾಂಕ್, ಪರೀಕ್ಷೆಯ ಸ್ಕೋರ್, ಪ್ರಬಂಧ, ಶಿಫಾರಸು, ಹೀಗೆ ಸಾಲುಗಳು. ಪ್ರತಿ ಸಾಲಿನ ಮುಂದೆ ‘ಬಹಳ ಮುಖ್ಯ’, ‘ಮುಖ್ಯ’, ‘ನೋಡುತ್ತೇವೆ’, ‘ನೋಡುವುದಿಲ್ಲ’ ಅಂತ ನಾಲ್ಕು ಕಾಲಂ. ಅಪ್ಪ ಅಮ್ಮ ಅದೇ ಕಾಲೇಜಿನಲ್ಲಿ ಓದಿದ್ದಾರಾ ಅನ್ನುವ ಸಾಲೂ ಇದೆ! ಕ್ಯಾಲಿಫೋರ್ನಿಯಾದ ಖಾಸಗಿ ಕಾಲೇಜುಗಳು ಹಾಗೆ ನೋಡಬಾರದು ಅಂತ 2024ರಲ್ಲಿ ಕಾನೂನು ಬಂತು, ಜಾರಿಯಾದದ್ದು 2025ರ ಸೆಪ್ಟೆಂಬರ್‌ನಲ್ಲಿ. ಮಗಳ ಪಟ್ಟಿಯಲ್ಲಿದ್ದ ಕಾಲೇಜುಗಳ ಸಿ7 ಪುಟಗಳನ್ನು ಪ್ರಿಂಟ್ ತೆಗೆದು ಹರಡಿಕೊಂಡು ನೋಡಿದೆ. ಪಾಠಗಳ ಕಷ್ಟ ಮತ್ತು ಗ್ರೇಡು, ಈ ಎರಡು ಸಾಲಿನ ಮುಂದೆ ಬಹುತೇಕ ಕಡೆ ‘ಬಹಳ ಮುಖ್ಯ’ ಅಂತಲೇ ಇತ್ತು. ಕೊಳಲು, ಈಜು, ಸ್ವಯಂಸೇವೆ ಅಂತ ಮಕ್ಕಳನ್ನು ಓಡಿಸುತ್ತೇವಲ್ಲ, ಆ ಸಾಲು ಎಷ್ಟೋ ಕಡೆ ಒಂದು ಮೆಟ್ಟಿಲು ಕೆಳಗಿತ್ತು.

ಈ ಪುಟ ಪುಕ್ಕಟೆ ಸಿಗುತ್ತದೆ. ಸಾವಿರಾರು ಡಾಲರ್ ಕೇಳಿದ ಒಬ್ಬ ಕನ್ಸಲ್ಟೆಂಟ್ ಅರ್ಧ ಗಂಟೆ ಮಾತಾಡಿದರು, ಇದರ ಹೆಸರೇ ಎತ್ತಲಿಲ್ಲ. "4.2 ಇಲ್ಲದಿದ್ದರೆ ಕಷ್ಟ" ಅಂದರು. ಯಾರ ಲೆಕ್ಕದ 4.2 ಅಂತ ಮಗಳು ಕೇಳಿದಾಗ ಮಾತು ಬೇರೆ ಕಡೆ ತಿರುಗಿಸಿದರು. ಆ ದುಡ್ಡು ಉಳಿಯಿತು.

ಕಾಲೇಜು ಸೇರಲು ಬರೆಯುವ ದೇಶಮಟ್ಟದ ಪರೀಕ್ಷೆ ಎಸ್‌ಎಟಿಯ ವಿಷಯ ಇಲ್ಲಿ ಹೇಳದಿದ್ದರೆ ಆಗದು. ಗ್ರೇಡಿನ ಬೆಲೆ ಏರುವುದೂ ಇಳಿಯುವುದೂ ಅದರ ಮೇಲೆ. ಯುಸಿಯ ಆಡಳಿತ ಮಂಡಳಿ 2020ರ ಮೇನಲ್ಲಿ ಎಸ್‌ಎಟಿಯನ್ನು ಹಂತಹಂತವಾಗಿ ಕೈಬಿಡಲು ತೀರ್ಮಾನಿಸಿತು. ಈಗ 1600ಕ್ಕೆ 1600 ಬಂದಿದ್ದರೂ ಅಡ್ಮಿಶನ್‌ಗೆ ಅವರು ನೋಡುವುದೇ ಇಲ್ಲ. ಸ್ವಾರಸ್ಯ ಏನೆಂದರೆ ಅದೇ ವರ್ಷ ಯುಸಿಯ ಪ್ರಾಧ್ಯಾಪಕರ ಸಮಿತಿ ಬೇರೆ ಮಾತು ಹೇಳಿತ್ತು: ಮಕ್ಕಳು ಕಾಲೇಜಿನ ಮೊದಲ ವರ್ಷ ಹೇಗೆ ಓದುತ್ತಾರೆ ಅಂತ ಊಹಿಸಲು ಹೈಸ್ಕೂಲ್ ಗ್ರೇಡಿಗಿಂತ ಪರೀಕ್ಷೆಯ ಸ್ಕೋರೇ ಚೆನ್ನಾಗಿ ನೆರವಾಗುತ್ತದೆ ಅಂತ. ಆಡಳಿತ ಮಂಡಳಿ ಅದನ್ನು ದಾಟಿ ಹೋಯಿತು. ಎಂಐಟಿ 2022ರಲ್ಲಿ ಪರೀಕ್ಷೆಯನ್ನು ವಾಪಸ್ ತಂದಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಒಂದಾದ ಮೇಲೊಂದು ಅದೇ ದಾರಿ ಹಿಡಿದವು. ಹೆಸರು ಕೇಳದ ಸ್ಕೂಲಿನಿಂದ ಬರುವ ಜಾಣ ಮಕ್ಕಳನ್ನು ಗುರುತಿಸಲು ಸ್ಕೋರ್ ಸಹಾಯ ಮಾಡುತ್ತದೆ ಅಂತ ಡಾರ್ಟ್‌ಮತ್ ಹೇಳಿತು.

ನನ್ನ ಒಲವು ಎರಡೂ ಕಡೆ ಇದೆ. ಎಸ್‌ಎಟಿ ಕೋಚಿಂಗ್‌ಗೆ ದುಡ್ಡು ಸುರಿಯುವ ಮನೆಗಳನ್ನು ನೋಡಿದ್ದೇನೆ. ಆದರೆ ಎಲ್ಲರಿಗೂ ‘ಎ’ ಹಂಚುವ ಸ್ಕೂಲುಗಳೂ ಇವೆ. 2025ರ ನವೆಂಬರ್‌ನಲ್ಲಿ ಯುಸಿ ಸ್ಯಾನ್ ಡಿಯೇಗೋದ ಒಂದು ಸಮಿತಿ ವರದಿ ಕೊಟ್ಟಿತು. ಗಣಿತದಲ್ಲಿ ಹೈಸ್ಕೂಲ್ ಮಟ್ಟಕ್ಕಿಂತ ಕೆಳಗಿರುವ ಹೊಸ ವಿದ್ಯಾರ್ಥಿಗಳ ಸಂಖ್ಯೆ 2020ರಿಂದ 2025ರೊಳಗೆ ಸುಮಾರು 30 ಪಟ್ಟು ಏರಿದೆಯಂತೆ. ಅವರಲ್ಲಿ ಅನೇಕರಿಗೆ ಹೈಸ್ಕೂಲ್ ಗಣಿತದಲ್ಲಿ ಒಳ್ಳೆಯ ಗ್ರೇಡುಗಳೇ ಇದ್ದವು. ಓದಿದಾಗ ನನಗೆ ಆ ಬಯಾಲಜಿ ಟೀಚರ್ ನೆನಪಾದರು. ರಿಯಾಯಿತಿ ಇಲ್ಲದೆ ಕೊಟ್ಟ ‘ಬಿ’ಯನ್ನೂ ಧಾರಾಳವಾಗಿ ಕೊಟ್ಟ ‘ಎ’ಯನ್ನೂ ಪಕ್ಕದಲ್ಲಿಟ್ಟರೆ ಯಾವುದು ಯಾವುದು ಅಂತ ಕಾಗದದಲ್ಲಿ ಹೇಗೆ ಗೊತ್ತಾಗಬೇಕು?

ಮಗಳು ಅರ್ಜಿ ಹಾಕಿದ ಚಳಿಗಾಲವೇ ಟೆಕ್ಸಸ್‌ನಲ್ಲಿ ನನ್ನ ಅಕ್ಕನ ಮಗನೂ 12ನೇ ಕ್ಲಾಸ್. ಅಲ್ಲಿಯದು ಇನ್ನೊಂದು ಲೋಕ. ಅಲ್ಲಿ ಕ್ಲಾಸ್ ರ‍್ಯಾಂಕೇ ದೇವರು. ಸ್ಕೂಲಿನ ಮೊದಲ ಶೇ. 10ರಷ್ಟು ಮಕ್ಕಳಿಗೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಸೀಟು ಕೊಡಲೇಬೇಕು ಅಂತ 1997ರಲ್ಲಿ ಕಾನೂನು ಮಾಡಿದರು. ಅದರ ಹಿಂದಿನ ವರ್ಷ ಕೋರ್ಟು ಅಡ್ಮಿಶನ್‌ನಲ್ಲಿ ಜನಾಂಗ ನೋಡಬಾರದು ಅಂದಿತ್ತು. ಎಲ್ಲ ಊರಿನ, ಎಲ್ಲ ಥರದ ಸ್ಕೂಲಿನ ಮಕ್ಕಳಿಗೂ ಅವಕಾಶ ಸಿಗಲಿ ಅಂತ ಈ ಉಪಾಯ. ಯೂನಿವರ್ಸಿಟಿ ಆಫ್ ಟೆಕ್ಸಸ್‌ನ ಆಸ್ಟಿನ್ ಕ್ಯಾಂಪಸ್‌ಗೆ ನುಗ್ಗು ಜಾಸ್ತಿ ಅಂತ ಅಲ್ಲಿಗೆ ಮಾತ್ರ ಮಿತಿ ಕಡಿಮೆ. ಅವನ ವರ್ಷ ಶೇ. 6 ಇತ್ತು, 2026ರಲ್ಲಿ ಸೇರುವವರಿಗೆ ಶೇ. 5.

"ಆರ್ಕೆಸ್ಟ್ರಾ ಬಿಡಿಸಿದ್ವಿ ಕಣೇ" ಅಂತ ಅಕ್ಕ ಒಂದು ದಿನ ಫೋನಿನಲ್ಲಿ ಹೇಳಿದಳು. ನಾನು ಸಮಯ ಸಾಲದೆ ಬಿಟ್ಟಿರಬೇಕು ಅಂದುಕೊಂಡೆ. ಅದಲ್ಲ. ಅವನ ವೇಟೆಡ್ ಜಿಪಿಎ 4.6ರ ಮೇಲಿತ್ತು. ಆರ್ಕೆಸ್ಟ್ರಾದಲ್ಲಿ ‘ಎ’ ಬಂದರೂ 4 ಅಷ್ಟೇ, ಹೆಚ್ಚುವರಿ ಪಾಯಿಂಟ್ ಇಲ್ಲ. ಅಂದರೆ ‘ಎ’ ಬಂದರೂ ಸರಾಸರಿ ಇಳಿಯುತ್ತದೆ, ರ‍್ಯಾಂಕ್ ಜಾರುತ್ತದೆ! ಆರನೇ ಕ್ಲಾಸಿನಿಂದ ವಯೋಲಾ ನುಡಿಸುತ್ತಿದ್ದ ಹುಡುಗ. ಅಷ್ಟು ಮಾಡಿಯೂ ಶೇ. 7ರ ಆಸುಪಾಸಿನಲ್ಲಿ ನಿಂತ. ಆಸ್ಟಿನ್‌ನಲ್ಲಿ ತಾನಾಗಿ ಸಿಗುವ ಸೀಟು ತಪ್ಪಿತು, ಎಲ್ಲರ ಜೊತೆ ಪೂರ್ತಿ ಅರ್ಜಿಯ ಸಾಲಿಗೆ ಹೋದ. ಆ ಕಾನೂನಿನ ಉದ್ದೇಶ ಒಳ್ಳೆಯದೇ, ನಾನು ಒಪ್ಪುತ್ತೇನೆ. ವಯೋಲಾ ವಿಷಯಕ್ಕೆ ಮಾತ್ರ ನನಗಿನ್ನೂ ಸಿಟ್ಟಿದೆ.

ನಮ್ಮ ಸ್ಕೂಲು ರ‍್ಯಾಂಕ್ ಕೊಡುವುದಿಲ್ಲ. ಆದರೆ ಯುಸಿ ತಾನೇ ಪ್ರತಿ ಸ್ಕೂಲಿನ ಮೊದಲ ಶೇ. 9ರಷ್ಟು ಮಕ್ಕಳು ಯಾರು ಅಂತ ಗುರುತು ಮಾಡಿಕೊಳ್ಳುತ್ತದೆ. ಆ ಮಕ್ಕಳಿಗೆ ಕೇಳಿದ ಕ್ಯಾಂಪಸ್ ಸಿಗದಿದ್ದರೂ ಜಾಗ ಇರುವ ಯಾವುದಾದರೂ ಕ್ಯಾಂಪಸ್‌ನಲ್ಲಿ ಸೀಟು ಕೊಡುತ್ತಾರೆ. ಮಗಳು ಆ ಶೇ. 9ರಲ್ಲಿ ಇರಲಿಲ್ಲ. ಎಲ್ಲರೂ ಓಡುವ ಸ್ಕೂಲಿನಲ್ಲಿ ಓದುವುದರ ಬೆಲೆ ಇದು. ಒಳ್ಳೆಯ ಸ್ಕೂಲು ಬೇಕು ಅಂತ ಜಾಸ್ತಿ ಬಾಡಿಗೆ ಕೊಟ್ಟು ಈ ಏರಿಯಾಗೆ ಬಂದವರು ನಾವು. ಅಡ್ಮಿಶನ್‌ನಲ್ಲಿ ಅದೇ ಸ್ಕೂಲಿನ ಮಕ್ಕಳ ಜೊತೆ ಹೋಲಿಸುತ್ತಾರೆ ಅಂದಾಗ ನಮ್ಮನೆಯವರು "ಹಾಗಾದರೆ ಬಾಡಿಗೆ ಯಾಕೆ ಕೊಟ್ವಿ?" ಅಂದರು. ತಮಾಷೆಗೆ ಅಂದದ್ದು, ಪೂರ್ತಿ ತಮಾಷೆಯೂ ಅಲ್ಲ.

ಪ್ರಬಂಧಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯುಸಿ ಕೊಟ್ಟ ಎಂಟು ಪ್ರಶ್ನೆಗಳಲ್ಲಿ ನಾಲ್ಕು ಆರಿಸಿಕೊಂಡು ತಲಾ 350 ಪದದೊಳಗೆ ಬರೆಯಬೇಕು. ಅವಳು ಬರೆದಳು, ನಮಗೆ ತೋರಿಸಲಿಲ್ಲ. ಆ ವರ್ಷ ಕೊನೆಯ ದಿನ ಡಿಸೆಂಬರ್ 2. ಹಿಂದಿನ ರಾತ್ರಿ ಕಳಿಸಿದಳು.

ಯುಸಿ ಕ್ಯಾಂಪಸ್‌ಗಳ ಫಲಿತಾಂಶ ಮಾರ್ಚ್‌ನಲ್ಲಿ ಒಂದೊಂದಾಗಿ ಬಂತು. ಯುಸಿಎಲ್‌ಎ ಇಲ್ಲ ಅಂದಿತು. ಒಂದೇ ವರ್ಷಕ್ಕೆ 1,45,000ದಷ್ಟು ಅರ್ಜಿ ಬರುವ ಜಾಗ, ನೂರಕ್ಕೆ ಸುಮಾರು ಒಂಬತ್ತು ಜನಕ್ಕೆ ಸೀಟು. ಬರ್ಕ್ಲಿಯೂ ಇಲ್ಲ ಅಂದಿತು. ಸ್ಯಾನ್ ಡಿಯೇಗೋ ವೇಟ್‌ಲಿಸ್ಟ್. ಡೇವಿಸ್ ಬಾ ಅಂದಿತು, ಸಾಂಟಾ ಕ್ರೂಜ್ ಕೂಡ. ಡೇವಿಸ್‌ನಲ್ಲಿ ಪರಿಸರ ವಿಜ್ಞಾನ, ಅವಳಿಗೆ ಬೇಕಾದದ್ದೂ ಅದೇ. ಬಯಾಲಜಿಯಲ್ಲಿ ‘ಎ’ ಬಂದ ಗೆಳತಿಗೆ ಡೇವಿಸ್ ಸಿಗಲಿಲ್ಲ, ಸ್ಯಾನ್ ಡಿಯೇಗೋ ಸಿಕ್ಕಿತು. ಇದಕ್ಕೆ ಕಾರಣ ಹುಡುಕಲು ಹೋದರೆ ತಲೆ ಕೆಡುತ್ತದೆ. ಹದಿಮೂರು ಅಂಶ ನೋಡುತ್ತೇವೆ ಅಂತ ಯುಸಿ ಹೇಳುತ್ತದೆ. ಯಾವುದಕ್ಕೆ ಎಷ್ಟು ತೂಕ ಅನ್ನುವುದನ್ನು ಕ್ಯಾಂಪಸ್‌ಗಳೇ ತೀರ್ಮಾನಿಸುತ್ತವೆ.

ಮೇ 1ರೊಳಗೆ 250 ಡಾಲರ್ ಕಟ್ಟಿ ಒಪ್ಪಿಕೊಂಡದ್ದಾಯಿತು. ಆದರೂ ಗ್ರೇಡುಗಳ ಕಾಟ ಮುಗಿದಿರಲಿಲ್ಲ. ಕೊಟ್ಟ ಸೀಟು ಷರತ್ತಿನ ಮೇಲೆ. 12ನೇ ಕ್ಲಾಸಿನಲ್ಲಿ ‘ಡಿ’ ಅಥವಾ ‘ಎಫ್’ ಬರಬಾರದು, ಸರಾಸರಿ 3ಕ್ಕಿಂತ ಕೆಳಗೆ ಇಳಿಯಬಾರದು, ಅರ್ಜಿಯಲ್ಲಿ ಓದುತ್ತೇನೆ ಅಂತ ಬರೆದ ಪಾಠವನ್ನು ಹೇಳದೆ ಬಿಡಬಾರದು. ಸೀಟು ಸಿಕ್ಕ ಮೇಲೆ ಮಕ್ಕಳು ಮೈಮರೆಯುವ ಕಾಯಿಲೆಗೆ ಇಲ್ಲಿ ‘ಸೀನಿಯರೈಟಿಸ್’ ಅಂತ ಹೆಸರೇ ಇದೆ. ನಮ್ಮ ಮನೆಗೂ ಅದು ಬಂತು. ಏಪ್ರಿಲ್‌ನಲ್ಲಿ ಕ್ಯಾಲ್ಕುಲಸ್ 74ಕ್ಕೆ ಇಳಿದಾಗ ನಾನು ಏನೂ ಮಾತಾಡಲಿಲ್ಲ. ಡೇವಿಸ್‌ನ ಷರತ್ತಿನ ಪುಟ ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿದೆ. ಜೂನ್‌ಗೆ ಅದು ‘ಬಿ’ ಆಗಿ ಮುಗಿಯಿತು.

ಕೊನೆಯ ಟ್ರಾನ್ಸ್‌ಕ್ರಿಪ್ಟ್ ಜುಲೈ 1ರೊಳಗೆ ಹೋಗಬೇಕು, ಎಪಿ ಪರೀಕ್ಷೆಯ ಸ್ಕೋರ್ ಜುಲೈ 15ರೊಳಗೆ. ಎಪಿ ಪಾಠದ ಗ್ರೇಡು ಬೇರೆ, ಮೇ ತಿಂಗಳಲ್ಲಿ ನಡೆಯುವ ಎಪಿ ಪರೀಕ್ಷೆ ಬೇರೆ. ಪಾಠದ ಗ್ರೇಡು ಕೊಡುವುದು ಸ್ಕೂಲಿನ ಟೀಚರ್. ಪರೀಕ್ಷೆ ನಡೆಸುವುದು ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ, ದೇಶಕ್ಕೆಲ್ಲ ಅದೇ ಪರೀಕ್ಷೆ, 5ಕ್ಕೆ ಅಂಕ. 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಯುಸಿ ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಕೊಡುತ್ತದೆ. ಅವಳು 11ನೇ ಕ್ಲಾಸಿನಲ್ಲೇ ಬಯಾಲಜಿ ಪರೀಕ್ಷೆ ಬರೆದಿದ್ದಳು, 4 ಬಂದಿತ್ತು. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಎರಡು ‘ಬಿ’ ಅಂತ ಕೂತಿದ್ದ ಅದೇ ಬಯಾಲಜಿ ಡೇವಿಸ್‌ನ ಖಾತೆಯಲ್ಲಿ 8 ಯೂನಿಟ್ ಆಗಿ ಜಮಾ ಆಯಿತು.